ಜಿಪ್ಸಿಗೆ ಲೀಫ್ ಸ್ಪ್ರಿಂಗ್ ಹಾಕಿಸೋದಾದ್ರೆ ಹಾನುಬಾಳು ರಸ್ತೆಯ ಮೇಸ್ತ್ರಿ ಶೆಡ್ಡಿಗೇ ಹೋಗಿ

ಸಕಲೇಶಪುರದ ಹಾನುಬಾಳು ರಸ್ತೆಯಲ್ಲಿರೋ ಈ ಗ್ಯಾರೇಜಿಗೆ ಬೋರ್ಡಿಲ್ಲ. ತಗಡಿನ ಶೆಡ್ಡು, ಮುಂದೆ ಯಾವಾಗಲೂ ಎರಡು ಮೂರು ಜೀಪು ನಿಂತಿರುತ್ತವೆ. ತೋಟದವರೆಲ್ಲ ಮೇಸ್ತ್ರಿ ಶೆಡ್ಡು ಅಂತಲೇ ಕರೆಯೋದು. ನನ್ನ ಹಳೇ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಹೊಸ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಎಲೆಗಳ ಹಾಗೆ ಒಂದರ ಮೇಲೊಂದು ಜೋಡಿಸಿದ್ದು), ಅದರ ತುದಿಗಳ ರಬ್ಬರ್ ಬುಷ್, ಒಂದು ತುದಿಯನ್ನು ಚಾಸಿಗೆ ಸೇರಿಸೋ ಶಾಕಲ್ ಕೊಂಡಿ, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯೋ ಯು ಬೋಲ್ಟ್ ಹಾಕಿಸಿದ್ದು ಇಲ್ಲಿ. ಸಾಮಾನು ನಾನೇ ತಂದುಕೊಟ್ಟಿದ್ದೆ, ಲೇಬರ್ 7,000 ತಗೊಂಡ್ರು. ಬೇರೆ ಕಡೆ ಇದರ ಅರ್ಧಕ್ಕೆ ಹಾಕಿಕೊಡ್ತಾರೆ. ಆದರೂ ನಾನು ಇಲ್ಲಿಗೇ ಹೋಗಿ ಅಂತೀನಿ.

ಇದಕ್ಕೆ ಮುಂಚೆ ಬೆಂಗಳೂರಿನ ಒಂದು ಅಂಗಡಿಯವರು ಗಾಡಿ ಎತ್ತರ ಮಾಡ್ತೀವಿ ಅಂತ ಮುಂದೆ ಉದ್ದ ಶಾಕಲ್ ಹಾಕಿ ಕಳಿಸಿದ್ರು. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶಾಕಲ್ ಇರೋದು ಮುಂತುದಿಯಲ್ಲಿ. ಅದು ಉದ್ದವಾದಷ್ಟೂ ಸ್ಪ್ರಿಂಗಿನ ಮೂತಿ ಕೆಳಗಿಳಿಯುತ್ತೆ, ಅದರ ಮೇಲೆ ಕೂತ ಆಕ್ಸಲ್ ಮುಂದಕ್ಕೆ ವಾಲುತ್ತೆ, ಕ್ಯಾಸ್ಟರ್, ಅಂದ್ರೆ ಮುಂದಿನ ಚಕ್ರ ತಿರುಗೋ ಕೀಲು ಹಿಂದಕ್ಕೆ ವಾಲಿರೋ ಕೋನ, ಕಡಿಮೆಯಾಗುತ್ತೆ. ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರ್ತಿರಲಿಲ್ಲ. ಹಾಸನದ ಹೆದ್ದಾರಿಯಲ್ಲಿ 70 ದಾಟಿದರೆ ಗಾಡಿ ಅತ್ತಿತ್ತ ಅಲೀತಿತ್ತು. ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದರೂ ಅಷ್ಟೇ. ಇಡೀ ಆಕ್ಸಲ್ ಒಂದೇ ತುಂಡಾಗಿರೋ ಇಂಥ ಗಾಡಿಯಲ್ಲಿ ಆ ಮಷೀನ್ ನೋಡ್ಕೊಂಡು ತಿದ್ದೋಕೆ ಆಗೋದು ಟೋ ಒಂದನ್ನೇ, ಅಂದ್ರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಅನ್ನೋದನ್ನ. ಕ್ಯಾಸ್ಟರ್ ಎಷ್ಟಿರಬೇಕು, ಆಕ್ಸಲ್ ಚಾಸಿಗೆ ನೇರ ಇದೆಯಾ ಅನ್ನೋದೆಲ್ಲ ಸ್ಪ್ರಿಂಗ್ ಕೂರಿಸುವಾಗಲೇ ತೀರ್ಮಾನ ಆಗಿಬಿಟ್ಟಿರುತ್ತೆ.

ಮೇಸ್ತ್ರಿ ಸ್ಪ್ಯಾನರ್ ಮುಟ್ಟೋಕೆ ಮುಂಚೆ ಟೇಪ್ ಹಿಡಿದ್ರು. ಸ್ಪ್ರಿಂಗಿನ ಶಾಕಲ್ ಇಲ್ಲದ ತುದಿಯ ಪಿನ್ನಿನಿಂದ ಆಕ್ಸಲ್ ಮಧ್ಯದವರೆಗೆ ಎಡಗಡೆ ಒಂದು ಅಳತೆ, ಬಲಗಡೆ ಒಂದು ಅಳತೆ, ಆಮೇಲೆ ಕರ್ಣ. ಹಿಂದಿನ ಆಕ್ಸಲ್ಲಿನಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂತು. ಬಿಚ್ಚಿದಾಗ ಕಾರಣ ಕೈಗೇ ಸಿಕ್ತು. ಎಲೆಗಳನ್ನೆಲ್ಲ ಸೇರಿಸಿ ಹಿಡಿಯೋ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಸೀಟಿನ ತೂತಿಗೆ ಇಳಿದೇ ಇರಲಿಲ್ಲ. ಅಂಚಿನ ಮೇಲೆ ಕೂತಿತ್ತು, ಯು ಬೋಲ್ಟ್ ಬಿಗಿದ ರಭಸಕ್ಕೆ ಒಂದು ಪಕ್ಕ ಚಪ್ಪಟೆಯಾಗಿ ಹೊಳೀತಿತ್ತು. ಹಾಗೆ ಕೂತರೆ ಆಕ್ಸಲ್ ಓರೆಯಾಗಿ, ಗಾಡಿ ಸೊಟ್ಟ ಓಡುತ್ತೆ.

ಹೊಸ ಸ್ಪ್ರಿಂಗ್ ಹಾಕುವಾಗ ಸೀಟಿನ ತೂತಿನ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಕೆರೆದು ತೆಗೆದ್ರು. ಹುಡುಗ ಜ್ಯಾಕ್ ಒಂದೊಂದೇ ಹಲ್ಲು ಏರಿಸುತ್ತಿದ್ದರೆ ಇವರು ಟಾರ್ಚ್ ಹಿಡಿದು, ಪ್ರೈಬಾರಿನಲ್ಲಿ ಆಕ್ಸಲ್ಲನ್ನು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ತಳ್ತಾ, ಬೋಲ್ಟಿನ ತಲೆ ಟಕ್ ಅಂತ ಇಳಿಯೋವರೆಗೂ ಬಿಡಲಿಲ್ಲ. ಯು ಬೋಲ್ಟಿನ ನಟ್ಟುಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿದು, ನಾಲ್ಕರ ಕೆಳಗೂ ಬೋಲ್ಟಿನ ಥ್ರೆಡ್ ಒಂದೇ ಸಮ ಕಾಣ್ತಿದೆಯಾ ಅಂತ ಬೆರಳಿಟ್ಟು ನೋಡಿದ್ರು.

ಬುಷ್ ವಿಷಯ ಇನ್ನೂ ಮುಖ್ಯ. ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೇ ಹುಡುಗ ಶಾಕಲ್ ನಟ್ಟಿಗೆ ಕೈ ಹಾಕಿದ. "ಈಗ್ಲೇ ಬಿಗೀಬೇಡ್ವೋ, ಗಾಡಿ ಕೆಳಗಿಳೀಲಿ" ಅಂದ್ರು. ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಹಿಡ್ಕೊಳ್ಳುತ್ತೆ. ಗಾಡಿ ನೆಲಕ್ಕೆ ಬಂದ ಮೇಲೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಕೆಳಗಿಳಿಸಿ, ಬಾನೆಟ್ಟನ್ನೂ ಹಿಂಭಾಗವನ್ನೂ ಒತ್ತಿ ಕುಲುಕಿಸಿ, ಭಾರ ಪೂರ್ತಿ ಕೂತ ಮೇಲೇ ಕೊನೇ ಬಿಗಿ ಹಾಕಿದ್ದು.

ಮುಂದೆ ಶಾಕಲ್ ಮಾಮೂಲಿ ಉದ್ದದ್ದಕ್ಕೇ ಇಳಿಸಿ, ಕ್ಯಾಸ್ಟರ್ ಸರಿಬರಲಿ ಅಂತ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ತೆಳ್ಳನೆ ಓರೆ ಪ್ಲೇಟ್ ಕೊಟ್ರು, ದಪ್ಪ ತುದಿ ಮುಂದಕ್ಕೆ. ಇನ್ನೂ ದಪ್ಪದ್ದು ಹಾಕಿ ಅಂದೆ. "ಬೇಡ ಗೌಡ್ರೇ, ಅಷ್ಟು ತಿರುಗಿಸಿದ್ರೆ ಡಿಫರೆನ್ಷಿಯಲ್ ಮೂತಿ ಕೆಳಗೆ ಹೋಗುತ್ತೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಸವೆದುಹೋಗುತ್ತೆ" ಅಂತ ಒಪ್ಪಲೇ ಇಲ್ಲ. ಗಿರಾಕಿ ಕೇಳಿದ್ದಕ್ಕೆಲ್ಲ ಹೂಂ ಅನ್ನದ ಇಂಥ ಮೆಕ್ಯಾನಿಕ್ ಸಿಗೋದು ಕಷ್ಟ. ಕೊನೆಗೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗೋ ಡ್ರ್ಯಾಗ್ ಲಿಂಕ್ ಸರಳನ್ನು ತಿರುಗಿಸಿ ಸ್ಟೀರಿಂಗ್ ಚಕ್ರವನ್ನು ನೇರಕ್ಕೆ ತಂದ್ರು.

ಕೊರತೆಗಳೂ ಇವೆ. ಬಿಲ್ ಕೊಡಲ್ಲ. ಫೋನ್ ಎತ್ತೋದು ಅಪರೂಪ, ಖುದ್ದಾಗಿ ಹೋಗಿ ದಿನ ಗೊತ್ತು ಮಾಡ್ಕೋಬೇಕು. ಎಷ್ಟು ಬಿಗಿ ಅಂತ ಅಳೆದು ಬಿಗಿಯೋ ಟಾರ್ಕ್ ವ್ರೆಂಚ್ ಇಟ್ಟಿಲ್ಲ, ಕೈ ಅಂದಾಜಿನಲ್ಲೇ ಬಿಗೀತಾರೆ. ಇದು ನನಗೆ ಹಿಡಿಸಲಿಲ್ಲ. ನನ್ನದನ್ನೇ ತಗೊಂಡು ಹೋಗಿದ್ದೆ, ಬೇಜಾರಿಲ್ಲದೆ ಅದರಲ್ಲೇ ಬಿಗಿದುಕೊಟ್ರು. ಟೋ ಟೇಪಿನಲ್ಲಿ ನೋಡ್ತಾರೆ, ಆದ್ದರಿಂದ ಆಮೇಲೆ ಒಂದು ಸಲ ಮಷೀನಿಗೆ ಕೊಡೋದು ಒಳ್ಳೇದು.

ಈಗ ಹೆದ್ದಾರಿಯಲ್ಲಿ ಸ್ಟೀರಿಂಗ್ ಸಡಿಲ ಬಿಟ್ಟರೂ ಗಾಡಿ ನೇರ ಹೋಗುತ್ತೆ. ತೋಟದ ಏರಿನಲ್ಲಿ ಒಂದು ಚಕ್ರ ಕಲ್ಲು ಹತ್ತಿದಾಗ ಮೊದಲಿನ ಕಿರುಗುಡುವ ಸದ್ದಿಲ್ಲ. ಮಳೆ ಹಿಡಿದ ಮೇಲೆ ಅವರ ಹತ್ತಿರ ಜಾಗ ಸಿಗಲ್ಲ, ಮೇ ತಿಂಗಳೊಳಗೆ ಗಾಡಿ ಬಿಡಿ. ಒಂದಿಷ್ಟು ಓಡಿಸಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಸೋಕೆ ಬನ್ನಿ ಅಂತಾರೆ. ಅದಕ್ಕೆ ದುಡ್ಡು ತಗೊಳ್ಳಲ್ಲ, ತಪ್ಪದೆ ಹೋಗಿ.