ರೋಟಂಡ್-ಐಗರ್ ನೊಣ: ತಳಿ ಚೆನ್ನಾಗಿದೆ, ರೆಕ್ಕೆಯ ಅಂಕವೊಂದನ್ನೇ ನಂಬಬೇಡಿ

ಹಣ್ಣಿನ ನೊಣದಲ್ಲಿ ಅಂಗಾಂಶದ ಮರುಬೆಳವಣಿಗೆ ನೋಡಲು ಮರಿಹುಳುವನ್ನು ಕೊಯ್ದು ಡಿಸ್ಕ್ (ಮುಂದೆ ರೆಕ್ಕೆಯಂಥ ಅಂಗವಾಗುವ ಅಂಗಾಂಶದ ಚೀಲ) ಕತ್ತರಿಸುತ್ತಿದ್ದ ಕಷ್ಟವನ್ನು ಈ ತಳಿ ತಪ್ಪಿಸಿದೆ. ಬರ್ಕ್ಲಿಯ ಹರಿಹರನ್ ಪ್ರಯೋಗಾಲಯ 2009ರಲ್ಲಿ ಇದನ್ನು ಪ್ರಕಟಿಸಿತು. ಇದರಲ್ಲಿ ರೋಟಂಡ್-ಗ್ಯಾಲ್4 ಎಂಬ ಸ್ವಿಚ್ ರೆಕ್ಕೆಯ ಡಿಸ್ಕಿನ ನಡುಭಾಗದಲ್ಲಿ ಐಗರ್ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಐಗರ್ ಜೆಎನ್‌ಕೆ ಎಂಬ ಸಂಕೇತ ಮಾರ್ಗವನ್ನು ಕೆರಳಿಸಿ ಜೀವಕೋಶಗಳನ್ನು ಸಾಯಿಸುತ್ತದೆ. ಶಾಖಕ್ಕೆ ಸೋಲುವ ಗ್ಯಾಲ್80 ಎಂಬ ಪ್ರೋಟೀನ್ ಇದನ್ನೆಲ್ಲ 18 ಡಿಗ್ರಿಯಲ್ಲಿ ತಡೆದಿಟ್ಟು, 30ರಲ್ಲಿ ಕೈಬಿಡುತ್ತದೆ.

ನಾಲ್ಕೇ ಗಂಟೆ ಮೊಟ್ಟೆ ಇಡಿಸಿ 18 ಡಿಗ್ರಿಯಲ್ಲಿಡಿ. ಎರಡನೇ ದಿನ ವಯಲ್‌ಗೆ 50 ಮರಿಹುಳು ಎಣಿಸಿ ಹಾಕಿ. ಏಳನೇ ದಿನ 30 ಡಿಗ್ರಿಯ ವಾಟರ್ ಬಾತ್‌ನಲ್ಲಿ 24 ಗಂಟೆ, ಆಮೇಲೆ ಒಂದು ನಿಮಿಷ ಐಸ್ ನೀರು, ಮತ್ತೆ 18. ಇನ್‌ಕ್ಯುಬೇಟರ್ ಸಾಕೆನ್ನಬೇಡಿ: ಗಾಳಿಯಲ್ಲಿ ವಯಲ್ ನಿಧಾನಕ್ಕೆ ಕಾಯುತ್ತದೆ, ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಪೆಟ್ಟು ಬೇರೆಯಾಗುತ್ತದೆ. ಗಿಡ್ಡ, ದಪ್ಪ ಟಬ್ಬಿ ಮರಿಹುಳುಗಳ ಬ್ಯಾಲೆನ್ಸರಿನಲ್ಲೇ (ತಳಿ ಕಾಪಾಡಲು ಇಟ್ಟ ವಿಶೇಷ ಕ್ರೋಮೋಸೋಮು) ಇನ್ನೊಂದು ಗ್ಯಾಲ್80 ಇದೆ, ಅದು ಶಾಖಕ್ಕೆ ಬಗ್ಗುವುದಿಲ್ಲ. ಅವುಗಳ ನೊಣ ಎಣಿಕೆಗೆ ಸೇರಿದರೆ ಪೂರ್ತಿ ಬೆಳೆದ ರೆಕ್ಕೆಗಳು ಸುಮ್ಮನೆ ಹೆಚ್ಚುತ್ತವೆ.

ತೊಂದರೆ ಇರುವುದು ಅಂಕದಲ್ಲಿ. ಹೊರಬಂದ ನೊಣದ ರೆಕ್ಕೆ ಸಾಮಾನ್ಯ ರೆಕ್ಕೆಯ ಶೇಕಡಾ 0, 25, 50, 75, 100 ಎಷ್ಟಿದೆ ಎಂದು ಅಂದಾಜಿಸಿ, ದೊಡ್ಡ ರೆಕ್ಕೆ ಕಂಡೊಡನೆ ‘ಈ ಮ್ಯುಟೆಂಟ್ ಚೆನ್ನಾಗಿ ಮರುಬೆಳೆಯುತ್ತದೆ’ ಎಂದು ಬರೆಯುವವರೇ ಹೆಚ್ಚು. ಜೆಎನ್‌ಕೆ ಮಾರ್ಗ ಕುಂದಿದ ಮ್ಯುಟೆಂಟ್‌ನಲ್ಲಿ ಜೀವಕೋಶಗಳು ಸತ್ತೇ ಇರಲಿಕ್ಕಿಲ್ಲ! ಬಿಸಿ ಮುಗಿದ ಕೂಡಲೇ ಒಂದಿಷ್ಟು ಡಿಸ್ಕ್ ಬಿಡಿಸಿ, ನಡುಭಾಗವನ್ನು ಗುರುತಿಸುವ ನಬ್ಬಿನ್ ಪ್ರೋಟೀನಿಗೆ ಬಣ್ಣ ಹಾಕಿ ಆ ಭಾಗ ನಿಜಕ್ಕೂ ಹೋಗಿದೆಯೇ ನೋಡಿ. ಐಗರ್ ಬದಲು ಜೀವಕೋಶ ಕೊಲ್ಲುವ ಇನ್ನೊಂದು ವಂಶವಾಹಿ ರೀಪರ್ ಇರುವ ತಳಿಯಲ್ಲೂ ಅದೇ ಫಲ ಬಂದರೆ ಧೈರ್ಯ ಬರುತ್ತದೆ. ಪೆಟ್ಟು ತಿಂದ ಡಿಸ್ಕ್ ಡಿಲ್ಪ್8 ಎಂಬ ಹಾರ್ಮೋನು ಸುರಿಸಿ ಪ್ಯೂಪಾ ಆಗುವುದನ್ನು ತಡಮಾಡುತ್ತದೆ. ಹೆಚ್ಚು ತಡವಾದಷ್ಟು ಬೆಳೆಯಲು ಹೆಚ್ಚು ಸಮಯ. ಆದ್ದರಿಂದ ಪ್ಯೂಪಾಗಳನ್ನು ದಿನವೂ ಎಣಿಸಿ. ಕಂಟ್ರೋಲ್ ಅದೇ ದಿನದ್ದು, ಅದೇ ಪಾತ್ರೆಯ ಆಹಾರದ್ದು ಆಗಿರಲಿ. ಕಳೆದ ವಾರದ್ದು ನಡೆಯದು.

ಗ್ಯಾಲ್4 ಕೊಲ್ಲುವುದಕ್ಕೇ ಮುಡಿಪಾಗಿರುವುದರಿಂದ ಉಳಿದು ಬೆಳೆಯುವ ಜೀವಕೋಶಗಳಲ್ಲಿ ಆರ್‌ಎನ್‌ಎಐ (ಬೇಕಾದ ವಂಶವಾಹಿಯನ್ನು ಅಡಗಿಸುವ ವಿಧಾನ) ಮಾಡಲು ಇಲ್ಲಿ ದಾರಿಯಿಲ್ಲ. ಅದು ಬೇಕಿದ್ದವರು 2020ರ ಡ್ಯುಯಲ್ ಕಂಟ್ರೋಲ್ ತಳಿ ತರಿಸಿಕೊಳ್ಳಿ: ಅಲ್ಲಿ ಪೆಟ್ಟು ಹೀಟ್ ಶಾಕ್‌ನಿಂದ, ಗ್ಯಾಲ್4 ನಿಮ್ಮ ಕೈಗೆ.