ಜಕ್ಕೂರು ಕೆರೆಗೆ ಬಾಡಿಗೆ ಲೆನ್ಸು
ನಮ್ಮ ಏರಿಯಾದ ಒಂದು ಅಂಗಡೀಲಿ 150-600 ಎಂಎಂ ಕ್ಯಾಮೆರಾ ಲೆನ್ಸು (ದೂರದ್ದನ್ನ ಹತ್ರ ತೋರ್ಸೋ ಜೂಮ್) ಎರಡು ದಿನಕ್ಕೆ ಬಾಡಿಗೆ ತಗೊಂಡಿದ್ದೆ, ಮನೆ ಹತ್ರದ, ಬೆಂಗಳೂರಿನ ಜಕ್ಕೂರು ಕೆರೆ ಹಕ್ಕಿಗಳಿಗೋಸ್ಕರ. ಗ್ಲಾಸ್ ಕ್ಲೀನಾಗಿತ್ತು, ಫೋಕಸ್ಸೂ ಫಾಸ್ಟು, ಆದ್ರೆ ಟ್ರೈಪಾಡ್ ಕಾಲರ್ (ಲೆನ್ಸನ್ನ ಸ್ಟ್ಯಾಂಡಿಗೆ ಕೂರ್ಸೋ ಬಳೆ) ಸ್ಕ್ರೂ ಲೂಸು, ಕೊಡುವಾಗ ಒಂದ್ಮಾತು ಹೇಳ್ಬಾರ್ದಾ? ತೂಕ 2 ಕೆಜಿ ಹತ್ರ, ಅರ್ಧ ಗಂಟೆಗೇ ಭುಜ ಬಿದ್ದೋಯ್ತು. ಕೊನೆಗೆ ದಂಡೆ ಮೇಲೆ ಕೂತು ಮೊಣಕಾಲಿಗೆ ಆನಿಸ್ಕೊಂಡು, ಬಿಸಿಲು ಏರೋ ಮುಂಚೆ ಫೋಟೋ ಹೊಡೆದೆ ನೋಡಿ, ಮೆಟ್ಟುಗಾಲು ಹಕ್ಕಿಯ ಆ ಗುಲಾಬಿ ಕಾಲು, ನೀರಲ್ಲಿ ಅದರ ಬಿಂಬ ಸಮೇತ, ಗರಿ ಗರಿ ಎಣಿಸ್ಬೋದು! ಬಣ್ಣದ ಕೊಕ್ಕರೆ ಅಂತೂ ಕೊಕ್ಕು ತೆರೆದು ನೀರಲ್ಲಿಟ್ಕೊಂಡು ಮೀನು ತಾಗೋವರೆಗೂ ಕಾಯುತ್ತೆ, ಆರಾಮಾಗಿ ಫ್ರೇಮ್ ಮಾಡ್ಬೋದು. ಆಮೇಲೆ ಟಿಟ್ಟಿಭ ಹಕ್ಕಿ ಕಿರುಚಿ ಎಲ್ಲಾ ಹಕ್ಕಿಗಳನ್ನೂ ಹಾರಿಸ್ತು, ಅದು ಬೇರೆ ಕಥೆ. ಡೆಪಾಸಿಟ್ ವಾಪಸ್ ಬರೋಕೆ ಮೂರು ದಿನ. ಮತ್ತೆ ತಗೋತೀನಿ, ಸ್ಕ್ರೂ ನೋಡ್ಕೊಂಡು.