ಡಿಕ್ರಿ ಕೈಯಲ್ಲಿ, ಬಾಡಿಗೆದಾರ ನಾಪತ್ತೆ: ಇ-ಕೋರ್ಟ್ಸ್ ಆ್ಯಪ್ ಎಷ್ಟು ದೂರ ಕರೆದೊಯ್ಯುತ್ತದೆ?

ಕುಶಾಲನಗರದ ಅಂಗಡಿ ಮಳಿಗೆಯೋ, ಮಡಿಕೇರಿಯ ಹೋಂಸ್ಟೇ ಲೀಸೋ, ಗೋಣಿಕೊಪ್ಪದ ಮನೆಯೋ, ಬಾಡಿಗೆ ಬಾಕಿಯ ಕೇಸುಗಳು ಬಂದು ಸಿಕ್ಕಿಕೊಳ್ಳುವ ಜಾಗ ಹೆಚ್ಚಾಗಿ ಒಂದೇ. ಡಿಕ್ರಿ, ಅಂದರೆ ಬಾಕಿ ಹಣ ಕೊಡಬೇಕೆಂಬ ಕೋರ್ಟಿನ ತೀರ್ಮಾನ, ಆಗಿದೆ. ಬಾಡಿಗೆದಾರ ಬೀಗದ ಕೈ ಕೊಟ್ಟು ಹೋಗಿ ಎರಡು ಮಳೆಗಾಲ ಕಳೆದಿದೆ. ನೋಟಿಸು ‘ವಿಳಾಸದಾರರು ಊರು ಬಿಟ್ಟಿದ್ದಾರೆ’ ಎಂಬ ಷರಾ ಹೊತ್ತು ವಾಪಸ್ ಬಂದಿದೆ. ಅವನನ್ನು ಹುಡುಕಿಕೊಡುವುದು ಕೋರ್ಟಿನ ಕೆಲಸವಲ್ಲ, ಪೊಲೀಸರದ್ದೂ ಅಲ್ಲ. ಆ ಹೊರೆ ಡಿಕ್ರಿದಾರರದ್ದೇ.

ಮೊದಲು ಹಿಡಿಯಬೇಕಾದ ಸಲಕರಣೆ ಇ-ಕೋರ್ಟ್ಸ್ ಸರ್ವೀಸಸ್ ಎಂಬ ಸರ್ಕಾರಿ ಆ್ಯಪ್ ಮತ್ತು ವೆಬ್‌ಸೈಟ್. ಬಳಕೆಗೆ ದುಡ್ಡಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಬಾಕಿದಾರ ಎಲ್ಲಿದ್ದಾನೆ ಎಂದು ಅದು ನೇರವಾಗಿ ಹೇಳುವುದಿಲ್ಲ, ಅವನ ಮೇಲಿರುವ ಬೇರೆ ಕೇಸುಗಳನ್ನು ತೋರಿಸುತ್ತದೆ. ಒಬ್ಬರಿಗೆ ಬಾಡಿಗೆ ಉಳಿಸಿ ಹೋದವನ ಚೆಕ್ಕು ಇನ್ನೊಬ್ಬರ ಕೈಯಲ್ಲಿ ಬೌನ್ಸ್ ಆಗಿರುವುದು ಅಪರೂಪವಲ್ಲ. ಆ ಎರಡನೆಯ ಕೇಸಿನ ಕಾಗದದಲ್ಲಿ ನಿಮ್ಮ ಹತ್ತಿರ ಇರುವುದಕ್ಕಿಂತ ಹೊಸ ವಿಳಾಸ ಸಿಗುವ ಸಾಧ್ಯತೆ ಹೆಚ್ಚು.

ಹುಡುಕುವ ಬಗೆ ಹೀಗೆ. ಕೇಸ್ ಸ್ಟೇಟಸ್‌ನಲ್ಲಿ ಪಾರ್ಟಿ ನೇಮ್ ಆರಿಸಿ, ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಕೊಡಿ. ಹೆಸರಿನ ಕನಿಷ್ಠ ಮೂರು ಅಕ್ಷರ ಮತ್ತು ಕೇಸು ದಾಖಲಾದ ವರ್ಷ ಬೇಕು. ವಿಚಾರಣೆಯಲ್ಲಿರುವುದು, ಮುಗಿದದ್ದು ಎರಡನ್ನೂ ನೋಡಿ. ಮುಗಿದ ಕೇಸಿನ ತೀರ್ಪಿನಲ್ಲಿ ಸಿಗುವ ಮಾಹಿತಿ ವಿಚಾರಣೆಯ ಕೇಸಿನ ದಿನಾಂಕಪಟ್ಟಿಯಲ್ಲಿ ಸಿಗುವುದಿಲ್ಲ. ಕೊಡಗಿಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಐದನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಆರು ವರ್ಷದ ಹಿಂದಿನವರೆಗೆ ನೋಡುವುದಾದರೆ ಅಲ್ಲಿಗೇ ಮೂವತ್ತು ಹುಡುಕಾಟ, ವೆಬ್‌ಸೈಟಿನಲ್ಲಾದರೆ ಪ್ರತಿ ಸಲವೂ ಕ್ಯಾಪ್ಚಾ. ಜಿಲ್ಲೆಗೆ ಒಂದೇ ಹುಡುಕಾಟ ಇಲ್ಲದಿರುವುದು ಈ ಸೇವೆಯ ದೊಡ್ಡ ಕೊರತೆ, ಒಂದು ಅಂಕ ಕಳೆದದ್ದು ಅದಕ್ಕೇ.

ಜನ ಸೋಲುವುದು ಹೆಸರಿನ ಸ್ಪೆಲ್ಲಿಂಗಿನಲ್ಲಿ. ಪೂವಯ್ಯ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತರು ಎರಡು ‘ಓ’ ಹಾಕಿ ಬರೆದರೆ ಇನ್ನೊಬ್ಬರು ‘ಯು’ ಹಾಕುತ್ತಾರೆ, ಕೊನೆಗೆ ಒಬ್ಬರದು ‘ಎಚ್’, ಇನ್ನೊಬ್ಬರದು ‘ವೈ’. ಕೊಡವ ಹೆಸರಿನಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಒಂದು ಕೇಸಿನಲ್ಲಿ ಅದು ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಆದ್ದರಿಂದ ಪೂರ್ತಿ ಹೆಸರು ಟೈಪ್ ಮಾಡಬೇಡಿ. ಯಾರು ಬರೆದರೂ ಬದಲಾಗದ ನಾಲ್ಕೈದು ಅಕ್ಷರದ ತುಣುಕನ್ನು ಹಾಕಿ, ಬಂದ ಪಟ್ಟಿಯನ್ನು ಕಣ್ಣಲ್ಲೇ ಸೋಸಿ. ವ್ಯಾಪಾರದ ಹೆಸರಿನಲ್ಲಿ ಲೀಸು ಆಗಿದ್ದರೆ ಆ ಹೆಸರಿನಲ್ಲೂ ಹುಡುಕಿ.

ಹುಡುಕಾಟ ಕೊಡಗಿಗೆ ನಿಲ್ಲಬಾರದು. ಚೆಕ್ಕನ್ನು ಖಾತೆಗೆ ಹಾಕಿದ್ದರೆ, ಚೆಕ್ ಬೌನ್ಸ್ ಕಾನೂನಿನ 2015ರ ತಿದ್ದುಪಡಿಯ ನಂತರ ಕೇಸು ನಡೆಯುವುದು ಚೆಕ್ ಪಡೆದವರ ಬ್ಯಾಂಕ್ ಶಾಖೆ ಇರುವ ಊರಿನಲ್ಲಿ. ಆರೋಪಿ ಕುಟ್ಟದಲ್ಲಿದ್ದರೂ ಕೇಸು ಹುಣಸೂರಿನಲ್ಲಿರಬಹುದು. ಮೈಸೂರು, ಹಾಸನ, ದಕ್ಷಿಣ ಕನ್ನಡ ಜಿಲ್ಲೆಗಳನ್ನು ನೋಡಿ. ಬಾಡಿಗೆದಾರ ಕೇರಳದ ಕಡೆಯವನಾಗಿದ್ದರೆ ರಾಜ್ಯ ಬದಲಿಸಿ ಕಣ್ಣೂರು, ವಯನಾಡು, ಕಾಸರಗೋಡು ನೋಡಿ. ಕಣ್ಣೂರಿನ ಜಿಲ್ಲಾ ನ್ಯಾಯಾಲಯ ಇರುವುದು ತಲಶ್ಶೇರಿಯಲ್ಲಿ ಎಂಬುದು ನೆನಪಿರಲಿ.

ಹೆಸರು ಸಿಕ್ಕ ಕೂಡಲೇ ಸಂಭ್ರಮ ಬೇಡ. ತೀರ್ಪಿನ ಪಿಡಿಎಫ್ ತೆರೆದು ಮೊದಲ ಪುಟದ ಪಕ್ಷಕಾರರ ವಿವರ ಓದಿ. ತಂದೆಯ ಹೆಸರು, ವಯಸ್ಸು, ಉದ್ಯೋಗ, ವಿಳಾಸ ಸಾಮಾನ್ಯವಾಗಿ ಅಲ್ಲಿರುತ್ತವೆ. ತಂದೆಯ ಹೆಸರು ಮತ್ತು ವಯಸ್ಸು ಎರಡೂ ಬಾಡಿಗೆ ಕರಾರಿಗೆ ತಾಳೆಯಾದರೆ ಮಾತ್ರ ಮುಂದುವರಿಯಿರಿ. ಒಂದೇ ಹೆಸರಿನ ಇನ್ನೊಬ್ಬರ ಆಸ್ತಿಗೆ ಜಪ್ತಿ ತಂದರೆ ಅವರು ತಕರಾರು ಅರ್ಜಿ ಹಾಕುತ್ತಾರೆ, ಅದು ಇತ್ಯರ್ಥವಾಗುವವರೆಗೆ ನಿಮ್ಮ ಕೆಲಸ ನಿಂತಂತೆ. ಚೆಕ್ ಕೇಸಿನಲ್ಲಿ ಆರೋಪಿಗೆ ಜಾಮೀನು ಸಿಕ್ಕಿದ್ದರೆ ಜಾಮೀನು ಕಾಗದದಲ್ಲಿ ಹೊಸ ವಿಳಾಸ ಇರುತ್ತದೆ. ಅದು ಆ್ಯಪಿನಲ್ಲಿ ಕಾಣುವುದಿಲ್ಲ. ನಿಮ್ಮ ಡಿಕ್ರಿಯನ್ನು ತೋರಿಸಿ, ಕಾರಣ ಹೇಳಿ, ವಕೀಲರ ಮೂಲಕ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಪ್ರತಿ ಕೇಸಿಗೂ ಪ್ರತ್ಯೇಕ ಗುರುತಾಗಿ ಇರುವ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಬರೆದಿಟ್ಟು, ಕೇಸನ್ನು ‘ಮೈ ಕೇಸಸ್’ಗೆ ಸೇರಿಸಿ. ಮುಂದಿನ ವಾಯಿದೆಯ ದಿನ ಅವನು ಯಾವ ಊರಿನ ಕೋರ್ಟಿಗೆ ಬರಬೇಕೆಂಬುದು ಅದರಲ್ಲೇ ಕಾಣುತ್ತದೆ. ಫೋನ್ ಬದಲಿಸುವ ಮೊದಲು ಈ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳದಿದ್ದರೆ ಹೋಗಿಬಿಡುತ್ತದೆ.

ಆ್ಯಪಿನಲ್ಲಿ ಏನೂ ಸಿಗದಿದ್ದರೆ ನಿಮ್ಮದೇ ಪಾಸ್‌ಬುಕ್ ತೆರೆಯಿರಿ. ಎಷ್ಟೋ ಜನ ಇದನ್ನು ಕೊನೆಗೆ ನೋಡುತ್ತಾರೆ, ಅಷ್ಟು ತಡ ಮಾಡಬಾರದು. ಬಾಡಿಗೆ ಚೆಕ್ಕಿನಲ್ಲೋ ಯುಪಿಐನಲ್ಲೋ ಬಂದಿದ್ದರೆ ಅವನ ಬ್ಯಾಂಕ್ ಯಾವುದೆಂದು ಸ್ಟೇಟ್‌ಮೆಂಟಿನಲ್ಲಿ ಸುಳಿವು ಇದ್ದೇ ಇರುತ್ತದೆ. ಬ್ಯಾಂಕಿನವರು ನಿಮಗೆ ಏನೂ ಹೇಳುವುದಿಲ್ಲ, ಹೇಳಬಾರದು ಕೂಡ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 46 ಮತ್ತು 46-ಎ ಪ್ರಕಾರ ಆ ಖಾತೆಯ ಹಣವನ್ನು ಕೋರ್ಟು ತಡೆಹಿಡಿದು ತರಿಸಬಲ್ಲದು. ಹಾಗಾದಾಗ ಮನೆ ಎಲ್ಲಿದೆ ಎಂಬ ಪ್ರಶ್ನೆಯ ತೂಕವೇ ಕಡಿಮೆಯಾಗುತ್ತದೆ. ಕಾಫಿ ಅಥವಾ ಕರಿಮೆಣಸು ಮಾರಿದವನಿಗೆ ವ್ಯಾಪಾರಿಯಿಂದ ಹಣ ಬರಬೇಕಿದ್ದರೂ ದಾರಿ ಇದೇ. ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆಗುವ ಮೊದಲು ಅರ್ಜಿ ಹೋಗಿರಬೇಕು.

ಉಳಿದ ಸರ್ಕಾರಿ ಸೇವೆಗಳ ಪೈಕಿ ಜಿಎಸ್‌ಟಿ ಪೋರ್ಟಲ್ ಚೆನ್ನಾಗಿದೆ. ಅಂಗಡಿಯ ಹಳೇ ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆ ಹಾಕಿದರೆ ವ್ಯವಹಾರದ ಮುಖ್ಯ ಸ್ಥಳ, ನೋಂದಣಿ ಜೀವಂತ ಇದೆಯೋ ರದ್ದಾಗಿದೆಯೋ ಕಾಣುತ್ತದೆ. ಮತದಾರರ ಪಟ್ಟಿ ಮೂಲ ಊರು ತಿಳಿಯಲು ಸಾಕು. ಕೊಡಗಿನಲ್ಲಿ ಮಡಿಕೇರಿ, ವಿರಾಜಪೇಟೆ ಎರಡೇ ಕ್ಷೇತ್ರವಾದ್ದರಿಂದ ನೋಡಲು ಹೆಚ್ಚು ಹೊತ್ತು ಬೇಡ. ಎಂ-ಪರಿವಾಹನ್ ಆ್ಯಪಿನಿಂದ ವಿಳಾಸ ನಿರೀಕ್ಷಿಸಬೇಡಿ. ಕೆಎ-12 ಗಾಡಿಯಾದರೂ ಮಾಲೀಕರ ಹೆಸರಿನ ಅಕ್ಷರಗಳನ್ನು ಮುಚ್ಚಿಯೇ ತೋರಿಸುತ್ತದೆ. ಪಹಣಿಯಲ್ಲಿ ಹೆಸರು ಸಿಕ್ಕರೂ ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗದಲ್ಲಿ ಎಚ್ಚರ ಬೇಕು. ಪಟ್ಟೇದಾರನ ಹೆಸರಿದ್ದ ಮಾತ್ರಕ್ಕೆ ಜಾಗ ಅವನೊಬ್ಬನದಲ್ಲ, ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕು ಅದರಲ್ಲಿರುತ್ತದೆ.

ಖಾಸಗಿ ಪತ್ತೆದಾರಿ ಸೇವೆಯವರ ಬಗ್ಗೆ ನೇರವಾಗಿ ಹೇಳಬೇಕು. ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಪತ್ತೆದಾರರಿಗೆ ಅಂಥ ಕೇಂದ್ರ ಕಾನೂನು ಇಲ್ಲ. ‘ಸರ್ಕಾರಿ ಮಾನ್ಯತೆ’ ಎಂಬ ಬೋರ್ಡು ಕಂಡರೆ ಅನುಮಾನಿಸಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಮನೆಯ ಹೊರಗಿನ ಫೋಟೋ, ನೋಡಿದ ದಿನಾಂಕ, ಯಾರನ್ನು ಕೇಳಿ ಖಚಿತ ಮಾಡಿಕೊಂಡರು ಎಂಬ ಬರಹ, ಈ ಮೂರು ಬಂದ ಮೇಲೆ ಬಾಕಿ ಹಣ ಎಂದು ಬರೆಸಿಕೊಳ್ಳಿ. ಫೋನ್ ಕರೆಯ ವಿವರ ತೆಗೆಸಿಕೊಡುತ್ತೇವೆ ಎಂದವರ ಅಂಗಡಿಯಿಂದ ಅಲ್ಲೇ ಎದ್ದು ಬನ್ನಿ. ಅದು ಅಪರಾಧ, ಕೇಸು ನಿಮ್ಮ ತಲೆಗೂ ಬರುತ್ತದೆ. ಬಾಕಿದಾರನ ಮನೆಗೆ ಜನ ಕಳಿಸಿ ಹೆದರಿಸುವುದೂ ಹಾಗೆಯೇ. ನ್ಯಾಯವಾಗಿ ಗೆದ್ದ ಡಿಕ್ರಿಯನ್ನು ಇಂಥದಕ್ಕೆ ಕೆಡಿಸಿಕೊಳ್ಳಬಾರದು.

ಅವಸರಕ್ಕೆ ಬಿದ್ದು ಹಳೇ ವಿಳಾಸ ಹಾಕಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ, ಸಲ್ಲಿಸುವವರಿದ್ದಾರೆ. ನೋಟಿಸ್ ವಾಪಸ್, ಮತ್ತೆ ಪ್ರೊಸೆಸ್ ಫೀ, ಮತ್ತೆ ವಾಪಸ್, ಕೊನೆಗೆ ಕ್ರಮ ತೆಗೆದುಕೊಂಡಿಲ್ಲವೆಂದು ವಜಾ. ಹಣದ ಡಿಕ್ರಿಯ ಅಮಲ್ಜಾರಿಗೆ 12 ವರ್ಷ ಸಮಯವಿದೆ. ಆದರೆ ಡಿಕ್ರಿಯಾಗಿ ಎರಡು ವರ್ಷ ದಾಟಿದರೆ ಡಿಕ್ರಿ ಏಕೆ ಜಾರಿಯಾಗಬಾರದು ಎಂದು ಬಾಕಿದಾರನನ್ನು ಕೇಳುವ, ಅದೇ ಆದೇಶ 21ರ ನಿಯಮ 22ರ ನೋಟಿಸ್ ಮೊದಲು ಆಗಬೇಕು. ಆ ಎರಡು ವರ್ಷದೊಳಗೆ ಹುಡುಕಾಟ ಮುಗಿಸಿ ಅರ್ಜಿ ಹಾಕಿದರೆ ಒಂದು ಹಂತದ ಕೆಲಸ ಉಳಿತಾಯವಾಗುತ್ತದೆ.

ಮನೆ ವಿಳಾಸಕ್ಕಿಂತ ಕೆಲಸದ ವಿಳಾಸಕ್ಕೆ ಬೆಲೆ ಹೆಚ್ಚು. ಸಂಬಳದ ಮೊದಲ ಒಂದು ಸಾವಿರ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. ವಿನಾಯಿತಿಯ ಭತ್ಯೆ ಬಿಟ್ಟು 25,000 ರೂಪಾಯಿ ಸಂಬಳವಿದ್ದರೆ ತಿಂಗಳಿಗೆ 8,000 ಜಪ್ತಿಗೆ ಸಿಗುತ್ತದೆ, ಒಂದೇ ಡಿಕ್ರಿಗೆ 24 ತಿಂಗಳವರೆಗೆ. ಎರಡು ವರ್ಷಕ್ಕೆ 1,92,000 ರೂಪಾಯಿ. ತೋಟದ ಲೆಕ್ಕ ಬರೆಯುವ ರೈಟರ್ ಸಂಬಳಕ್ಕೆ ಈ ಲೆಕ್ಕ ನಡೆಯುತ್ತದೆ. ಕೂಲಿಯವರ ಮಜೂರಿಯನ್ನು ಕಾನೂನು ಪೂರ್ತಿ ಕಾಪಾಡಿದೆ, ಅದು ಸರಿಯೂ ಹೌದು. ಆಸ್ತಿ ಏನಿದೆಯೆಂದೇ ತಿಳಿಯದಿದ್ದರೆ ಆದೇಶ 21ರ ನಿಯಮ 41ರ ಅರ್ಜಿ ಹಾಕಿ. ಡಿಕ್ರಿಯ ಹಣ 30 ದಿನ ಬಾಕಿ ಉಳಿದಿದ್ದರೆ ಆಸ್ತಿ ವಿವರದ ಅಫಿಡವಿಟ್ ಕೊಡುವಂತೆ ಕೋರ್ಟು ಆದೇಶಿಸಬಹುದು. ಆದೇಶ ಪಾಲಿಸದವರನ್ನು ಮೂರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿಡಬಹುದು.

ಬಾಕಿದಾರನೂ ಆಸ್ತಿಯೂ ಕೊಡಗಿನ ಹೊರಗಿದ್ದರೆ ಇಲ್ಲಿನ ಕೋರ್ಟಿನಿಂದ ಅಲ್ಲಿ ಜಪ್ತಿ ಮಾಡಿಸಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 39ರಡಿ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬೇಕು, ಡಿಕ್ರಿ ನಕಲಿನ ಜೊತೆಗೆ ಹಣ ಸಂದಾಯವಾಗಿಲ್ಲವೆಂಬ ಪ್ರಮಾಣಪತ್ರವೂ ಹೋಗಬೇಕು. ವಕೀಲರ ಫೀಸು ಭಾರವೆನಿಸುವ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು.

ವಿಳಾಸ ಖಚಿತವಾದ ಮೇಲೆ ಕೋರ್ಟಿನ ಜಾರಿ ಸಿಬ್ಬಂದಿಯಾದ ಅಮೀನರ ಕೈಗೆ ಬರೀ ಕಾಗದ ಕೊಟ್ಟು ಸುಮ್ಮನಾಗಬೇಡಿ. ಇಲ್ಲಿನ ಎಷ್ಟೋ ಮನೆಗಳಿಗೆ ಡೋರ್ ನಂಬರ್ ಹುಡುಕಿದರೂ ಕಾಣದು, ಮುಖ್ಯರಸ್ತೆಯಿಂದ ತೋಟದೊಳಗೆ ದೂರ ನಡೆಯಬೇಕು, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ದಾರಿಯೇ ಇರುವುದಿಲ್ಲ. ಮನೆ ಗುರುತಿಸಿ ತೋರಿಸುವ ಒಬ್ಬರನ್ನು ಜೊತೆಗೆ ಕಳಿಸಿ, ಬಸ್ ನಿಲ್ದಾಣದಿಂದ ಗೇಟಿನವರೆಗಿನ ಗುರುತುಗಳನ್ನು ಅರ್ಜಿಯಲ್ಲೇ ಬರೆಯಿಸಿ.